ಶಾಲೆಯ ಕಂಪ್ಯೂಟರ್ ಕೋಣೆಗೆ ಅಪ್ಪ–ಅಮ್ಮಂದಿರೂ ಬರಲಿ

ಮಕ್ಕಳನ್ನು ಶಾಲೆಗೆ ಕಳಿಸುವ ಮನೆಗಳಿಗೆ ಈಗ ವರ್ಷವಿಡೀ ಆನ್‌ಲೈನ್ ಕೆಲಸ ತಪ್ಪಿದ್ದಲ್ಲ. ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಜಾಲತಾಣ, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ನವೋದಯದ ಪ್ರವೇಶ ಪರೀಕ್ಷೆಗೆ ಮತ್ತೊಂದು ಜಾಲತಾಣ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳುವುದು ಬೇರೆ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದಿದ್ದು ಆಧಾರ್‌ನಲ್ಲಿ ಹಿಂದಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಆಗ ತಾಯಿ ಒಂದು ದಿನದ ಕೂಲಿ ಬಿಟ್ಟು ಹೋಬಳಿ ಕೇಂದ್ರದ ಸೈಬರ್ ಅಂಗಡಿಗೋ ಗ್ರಾಮ ಒನ್‌ಗೋ ಹೋಗಬೇಕು. ಅಲ್ಲಿ ಕೂತವರು ‘ಓಟಿಪಿ ಬಂತಾ ನೋಡಿ ಅಕ್ಕಾ’ ಎನ್ನುತ್ತಾರೆ. ಓಟಿಪಿ ಬರುವುದು ಗಂಡನ ಫೋನಿಗೆ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದಾನೆ. ಅವನು ಫೋನು ಎತ್ತುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಕೆಲಸ ಆದ ದಿನವೂ ಆಕೆ ತನ್ನ ಆಧಾರ್ ನಂಬರು, ಪಾಸ್‌ಬುಕ್ಕು, ಪಾಸ್‌ವರ್ಡು ಎಲ್ಲವನ್ನೂ ಬೇರೆಯವರ ಕೈಗೆ ಕೊಟ್ಟೇ ಮನೆಗೆ ಬಂದಿರುತ್ತಾಳೆ.

ಈ ಕೆಲಸಗಳನ್ನು ಆಕೆ ತಾನೇ ಮಾಡಿಕೊಳ್ಳುವ ಹಾಗೆ ಕಲಿಸುವವರು ಯಾರು, ಎಲ್ಲಿ ಕಲಿಸಬೇಕು? ಇಪ್ಪತ್ತೈದು ವರ್ಷಗಳಿಂದ ಬೇರೆ ಬೇರೆ ನಾಡುಗಳು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಹುಡುಕಿವೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ತಂದೆತಾಯಿಯರಿಗೆ ಕಂಪ್ಯೂಟರ್ ಕಲಿಸಲು ಊರ ಶಾಲೆಗಿಂತ ಒಳ್ಳೆಯ ಜಾಗವಿಲ್ಲ. ಅಂಗಡಿಗೆ, ಕಚೇರಿಗೆ, ತರಬೇತಿ ಕೇಂದ್ರಕ್ಕೆ ಹೋಗಲು ಒಬ್ಬ ಹೆಣ್ಣುಮಗಳಿಗೆ ಹತ್ತು ಜನರ ಒಪ್ಪಿಗೆ ಬೇಕಾಗಬಹುದು. ಮಗುವಿನ ಶಾಲೆಗೆ ಹೋಗಿಬರುತ್ತೇನೆ ಎಂದರೆ ಯಾರೂ ಏಕೆ ಎಂದು ಕೇಳುವುದಿಲ್ಲ.

ಕೊರತೆ ಎಷ್ಟು ದೊಡ್ಡದು ಎಂಬುದಕ್ಕೆ ಲೆಕ್ಕ ಸಿಗುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ, ಅಂದರೆ 2017–18ರಲ್ಲಿ, ದೇಶದ ಹಳ್ಳಿಗಳ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ ಮಾತ್ರ. ಐದು ವರ್ಷ ಮೇಲ್ಪಟ್ಟ ಹಳ್ಳಿಗರಲ್ಲಿ ಕಂಪ್ಯೂಟರ್ ನಡೆಸಬಲ್ಲವರು ಶೇ 9.9. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಇನ್ನೂ ನೋವಿನ ಸಂಗತಿ ಹೇಳಿತು: ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಗಂಡಸರು ಶೇ 62.4, ಹೆಂಗಸರು ಶೇ 35. ಅಂದಿನಿಂದ ಫೋನು ಅಗ್ಗವಾಗಿದೆ, ಯೂಟ್ಯೂಬ್ ಅಡುಗೆಮನೆಗೂ ಬಂದಿದೆ. ಆದರೆ ವಿಡಿಯೊ ನೋಡುವುದು ಬೇರೆ, ಅರ್ಜಿ ತುಂಬಿ ಪಿಡಿಎಫ್ ಉಳಿಸಿಟ್ಟುಕೊಳ್ಳುವುದು ಬೇರೆ. ಎರಡನೆಯದನ್ನು ಯಾರಾದರೂ ಪಕ್ಕದಲ್ಲಿ ಕೂತು ತೋರಿಸಿಕೊಡಬೇಕು.

ಶಾಲೆಯ ಮೂಲಕವೇ ಇದನ್ನು ಮಾಡಿ ತೋರಿಸಿದ ಅತ್ಯುತ್ತಮ ಉದಾಹರಣೆ ನ್ಯೂಜಿಲೆಂಡಿನದು. ಅಲ್ಲಿ 2020 ಕಮ್ಯುನಿಕೇಷನ್ಸ್ ಟ್ರಸ್ಟ್ ಎಂಬ ಸೇವಾಸಂಸ್ಥೆ 2000ದಲ್ಲಿ ‘ಕಂಪ್ಯೂಟರ್ಸ್ ಇನ್ ಹೋಮ್ಸ್’ ಎಂಬ ಕಾರ್ಯಕ್ರಮ ಆರಂಭಿಸಿತು. ಮೊದಲು ಆರಿಸಿಕೊಂಡದ್ದು ಎರಡೇ ಶಾಲೆ: ವೆಲಿಂಗ್ಟನ್ ಪಕ್ಕದ ಪೊರಿರುವಾದಲ್ಲಿ ಒಂದು, ಆಕ್ಲೆಂಡಿನಲ್ಲಿ ಒಂದು. ಎರಡೂ ಬಡವರ ಬಡಾವಣೆಗಳು. ಮಾವೊರಿ ಜನ, ಪೆಸಿಫಿಕ್ ದ್ವೀಪಗಳಿಂದ ಬಂದು ನೆಲೆಸಿದ ಕುಟುಂಬಗಳು ಹೆಚ್ಚಾಗಿರುವ ಕಡೆ. ಯೋಜನೆಯ ಕಟ್ಟು ಬಹಳ ಸರಳ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕುಟುಂಬಗಳನ್ನು ಶಾಲೆಯೇ ಗುರುತಿಸುತ್ತದೆ. ತಂದೆಯೋ ತಾಯಿಯೋ, ಅಜ್ಜಿಯಾದರೂ ಸರಿ, ಶಾಲೆಗೇ ಬಂದು 20 ಗಂಟೆ ತರಬೇತಿ ಪಡೆಯಬೇಕು. ತರಬೇತಿ ಮುಗಿಸಿದ ಕುಟುಂಬಕ್ಕೆ ದುರಸ್ತಿ ಮಾಡಿದ ಕಂಪ್ಯೂಟರ್ ಸಿಗುತ್ತದೆ, ಮನೆಗೆ ರಿಯಾಯಿತಿ ದರದ ಇಂಟರ್ನೆಟ್ ಸಂಪರ್ಕ ಸಿಗುತ್ತದೆ, ಕೆಟ್ಟರೆ ಕೇಳಲು ಜನ ಇರುತ್ತಾರೆ. ಕೊನೆಯ ದಿನ ಮಕ್ಕಳ ಎದುರಿಗೇ ಅಪ್ಪ–ಅಮ್ಮಂದಿರಿಗೆ ಪ್ರಮಾಣಪತ್ರ ಕೊಡುವ ಸಮಾರಂಭ.

ಈ ಕಟ್ಟಿನಲ್ಲಿ ನಾನು ಮೆಚ್ಚುವ ಅಂಶ, ಯಂತ್ರವನ್ನು ಮೊದಲು ಕೊಡದೆ ಕಲಿಕೆಯ ನಂತರ ಕೊಟ್ಟದ್ದು. ಕಲಿತ ಕೈಗೇ ಯಂತ್ರ ಬಂದಿದ್ದರಿಂದ ಅದು ಮನೆಯ ಮೂಲೆಯಲ್ಲಿ ಧೂಳು ತಿನ್ನಲಿಲ್ಲ. ಇನ್ನೊಂದು ಲಾಭ ಶಾಲೆಗೇ ಆಯಿತು. ತಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಸೋತು ಹೊರಬಿದ್ದವರು, ಮಗನ ಟೀಚರನ್ನು ಮಾತನಾಡಿಸಲು ಹಿಂಜರಿಯುತ್ತಿದ್ದವರು, ಅದೇ ಕಟ್ಟಡದೊಳಗೆ ವಾರವಾರ ಬಂದು ಕೂತರು. ವೆಲಿಂಗ್ಟನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಬಾರ್ಬರಾ ಕ್ರೇಗ್ ಈ ಕಾರ್ಯಕ್ರಮವನ್ನು ಅಧ್ಯಯನ ಮಾಡಿದವರಲ್ಲಿ ಪ್ರಮುಖರು. ಮುಂದೆ ಸರ್ಕಾರವೂ ಹಣ ಕೊಟ್ಟಿತು, ಯೋಜನೆ ದೇಶದ ಬಹುಭಾಗಕ್ಕೆ ಹರಡಿತು, ಸಾವಿರಾರು ಕುಟುಂಬಗಳು ಕಲಿತವು. 2017ರಲ್ಲಿ ಸರ್ಕಾರದ ಹಣ ನಿಂತಿತು. ಹದಿನೇಳು ವರ್ಷ ನಡೆದ ಒಳ್ಳೆಯ ಕೆಲಸವೂ ಅನುದಾನದ ಒಂದು ಎಳೆಯ ಮೇಲೆ ನಿಂತಿತ್ತೆಂದು ಗೊತ್ತಾದದ್ದು ಆಗ. ಆಕ್ಲೆಂಡಿನ ಮನಾಯಕಲನಿ ಶಾಲಾಸಮೂಹ ಹಿಡಿದ ದಾರಿ ಸ್ವಲ್ಪ ಭಿನ್ನ: ಪೋಷಕರು ವಾರಕ್ಕೆ ಕೆಲವೇ ಡಾಲರಿನಂತೆ ಕಂತು ಕಟ್ಟಿ ಮಗುವಿನ ಕಂಪ್ಯೂಟರನ್ನು ತಮ್ಮದಾಗಿಸಿಕೊಳ್ಳುತ್ತಾರೆ.

ನ್ಯೂಯಾರ್ಕ್‌ನಲ್ಲೂ 1999ರಲ್ಲಿ ಆರಂಭವಾದ ‘ಕಂಪ್ಯೂಟರ್ಸ್ ಫಾರ್ ಯೂತ್’ ಸಂಸ್ಥೆ ಶನಿವಾರ ಶಾಲೆಯಲ್ಲೇ ಮಗು ಮತ್ತು ಪೋಷಕರನ್ನು ಒಂದೇ ಯಂತ್ರದ ಮುಂದೆ ಕೂರಿಸಿ ಕಲಿಸಿ, ಆ ಯಂತ್ರವನ್ನು ಮನೆಗೆ ಕೊಟ್ಟು ಕಳಿಸುತ್ತಿತ್ತು. ಇದಕ್ಕೆ ವಿರುದ್ಧವಾದ ದಾರಿ ಪೆರು ದೇಶದ್ದು. ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಮಕ್ಕಳಿಗೆ ಹಂಚಿದರು. ಅಂತರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ 2012ರಲ್ಲಿ ಮೌಲ್ಯಮಾಪನ ಪ್ರಕಟಿಸಿದಾಗ ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳ ಕಲಿಕೆ ಸುಧಾರಿಸಿದ ಲಕ್ಷಣ ಕಾಣಲಿಲ್ಲ. ಯಂತ್ರ ಹಂಚುವುದು ಸುಲಭ. ಅದರ ಸುತ್ತ ಇರುವ ಶಿಕ್ಷಕರನ್ನೂ ಮನೆಯವರನ್ನೂ ಸಿದ್ಧಗೊಳಿಸುವುದಕ್ಕೇ ಕಾಲ ಬೇಕು.

ನಮ್ಮ ದೇಶಕ್ಕೆ ಬಂದರೆ, ಇಲ್ಲಿ ನಡೆದಷ್ಟು ದೊಡ್ಡ ಯೋಜನೆ ಜಗತ್ತಿನಲ್ಲೇ ಅಪರೂಪ. ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರ ಫೆಬ್ರುವರಿಯಲ್ಲಿ. ಅಂದಾಜು ವೆಚ್ಚ 2,351 ಕೋಟಿ ರೂಪಾಯಿ. ಹಳ್ಳಿಯ ಪ್ರತಿ ಮನೆಯಿಂದ 14ರಿಂದ 60 ವರ್ಷದೊಳಗಿನ ಒಬ್ಬರು, ಒಟ್ಟು ಆರು ಕೋಟಿ ಮನೆ ಎಂಬುದು ಗುರಿ. 2024ರ ಮಾರ್ಚ್‌ನಲ್ಲಿ ಯೋಜನೆ ಮುಗಿದಾಗ 6.39 ಕೋಟಿ ಜನ ತರಬೇತಿ ಪಡೆದಿದ್ದರು, 4.77 ಕೋಟಿ ಜನ ಪ್ರಮಾಣಪತ್ರ ಪಡೆದಿದ್ದರು. ಲೆಕ್ಕದ ಮಟ್ಟಿಗೆ ಗುರಿ ಮುಟ್ಟಿತು. ತರಬೇತಿಯ ಅವಧಿ ಇಲ್ಲಿಯೂ 20 ಗಂಟೆಯೇ!

ಹಾಗಿದ್ದರೆ ನ್ಯೂಜಿಲೆಂಡಿನ 20 ಗಂಟೆಗೂ ನಮ್ಮ 20 ಗಂಟೆಗೂ ಏನು ವ್ಯತ್ಯಾಸ? ಅಲ್ಲಿ 20 ಗಂಟೆಯ ನಂತರ ಮನೆಗೆ ಯಂತ್ರ ಬರುತ್ತಿತ್ತು. ಇಲ್ಲಿ 20 ಗಂಟೆಯ ನಂತರ ಆನ್‌ಲೈನ್ ಪರೀಕ್ಷೆ, ಆಮೇಲೆ ಏನೂ ಇಲ್ಲ. ಕಲಿಸಿದ ಕೇಂದ್ರಕ್ಕೆ ಹಣ ಸಿಗುತ್ತಿದ್ದದ್ದು ಅಭ್ಯರ್ಥಿಗೆ ಪ್ರಮಾಣಪತ್ರ ಬಂದ ಮೇಲೆ. ಹೀಗಾದಾಗ ಬೇಗ ಪಾಸಾಗುವವರನ್ನು ಸೇರಿಸಿಕೊಳ್ಳುವತ್ತ ಮನಸ್ಸು ವಾಲುವುದು ಸಹಜ. ಮನೆಗೊಬ್ಬರು ಎಂದರೆ ಯಾರು ಹೋಗುತ್ತಾರೆ? ಪಿಯುಸಿ ಓದುವ ಮಗ ಹೋಗುತ್ತಾನೆ. ಅವನಿಗೆ ಅದು ಬೇಕಿರಲಿಲ್ಲ, ಬೇಕಿದ್ದ ಅವನ ತಾಯಿ ಮನೆಯಲ್ಲೇ ಉಳಿದಳು. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದ್ಯತೆ ಎಂದು ಮಾರ್ಗಸೂಚಿಯಲ್ಲಿ ಬರೆದಿತ್ತು ನಿಜ. ಆದರೆ ಆಕೆಯ ಕಾಲು ತಾನಾಗಿ ನಡೆದುಹೋಗುವ ಜಾಗದಲ್ಲಿ ಆ ತರಗತಿ ಇರಲಿಲ್ಲ.

ಕೇರಳದ ಕಥೆ ಇದಕ್ಕಿಂತ ಹಳೆಯದು, ಇದಕ್ಕಿಂತ ಕಲಿಯಲು ಹೆಚ್ಚು ಇರುವಂಥದ್ದು. 1990ರಲ್ಲಿ ಎರ್ನಾಕುಲಂ ಜಿಲ್ಲೆಯನ್ನು ಸಂಪೂರ್ಣ ಸಾಕ್ಷರ ಮಾಡಿದ ಆಂದೋಲನದ ಅನುಭವ ಆ ರಾಜ್ಯದ ಬೆನ್ನಿಗಿತ್ತು. 2002ರ ನವೆಂಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ ಅಕ್ಷಯ ಯೋಜನೆ ಮಲಪ್ಪುರಂ ಜಿಲ್ಲೆಯ ಪ್ರತಿ ಕುಟುಂಬದ ಒಬ್ಬರಿಗೆ ಕಂಪ್ಯೂಟರಿನ ಮೊದಲ ಪಾಠ ಕಲಿಸಲು ಹೊರಟಿತು. ಸುಮಾರು ಸಾವಿರ ಮನೆಗೊಂದು ಕೇಂದ್ರ, ಎರಡು–ಮೂರು ಕಿಲೋಮೀಟರ್ ನಡೆದರೆ ಸಿಗುವಂತೆ. ಶುಲ್ಕ 140 ರೂಪಾಯಿ. ಅದರಲ್ಲಿ 120 ರೂಪಾಯಿ ಪಂಚಾಯಿತಿಗಳದು, ಕಲಿಯುವವರು ಕೊಡಬೇಕಾದದ್ದು 20. ಗಲ್ಫ್‌ನಲ್ಲಿದ್ದ ಗಂಡನಿಗೆ ಇಮೇಲ್ ಕಳಿಸುವುದು, ಅವನ ಮುಖ ನೋಡಿ ಮಾತನಾಡುವುದು ಎಂದರೆ ಮಲಪ್ಪುರಂನ ಮನೆಗಳಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇಕಿರಲಿಲ್ಲ. ಜಿಲ್ಲೆ ದೇಶದ ಮೊದಲ ಇ-ಸಾಕ್ಷರ ಜಿಲ್ಲೆ ಎನಿಸಿಕೊಂಡಿತು.

ಆದರೆ ಅಕ್ಷಯ ಕೇಂದ್ರಗಳನ್ನು ನಡೆಸಿದವರು ಸಣ್ಣ ಉದ್ಯಮಿಗಳು. ತರಬೇತಿಯ ಅಲೆ ಇಳಿದ ಮೇಲೆ ಅವರು ಹೊಟ್ಟೆಪಾಡಿಗೆ ಜನರ ಅರ್ಜಿ ತುಂಬಿಕೊಡಲು ಶುರುಮಾಡಿದರು. ಇಂದು ಅಕ್ಷಯ ಎಂದರೆ ಮಲಯಾಳಿಗಳ ಬಾಯಲ್ಲಿ ಅರ್ಜಿ ಹಾಕಿಸುವ ಜಾಗ. ಆ ಸೇವೆ ಅಗತ್ಯವಾದದ್ದೇ, ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೂ ಕಲಿಸುವ ಕೇಂದ್ರ ಮಾಡಿಕೊಡುವ ಕೇಂದ್ರವಾದಾಗ ಕಲಿಕೆ ಅಲ್ಲಿಂದ ಹೊರಟುಹೋಗುತ್ತದೆ ಎಂಬುದನ್ನು ನಾವು ಗಮನಿಸಬೇಕು. ನಮ್ಮ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳಿಂದ ಕಲಿಸುವ ಕೆಲಸ ನಿರೀಕ್ಷಿಸುವುದು ಇದೇ ಕಾರಣಕ್ಕೆ ಸರಿಯಲ್ಲ.

ಕೇರಳ ಮತ್ತೆ ಶಾಲೆಯತ್ತ ತಿರುಗಿದ್ದು ಕೈಟ್ ಸಂಸ್ಥೆಯ ಮೂಲಕ. 2001ರ ಹೊತ್ತಿಗೆ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾದ ಈ ಸಂಸ್ಥೆ ಸರ್ಕಾರಿ ಶಾಲೆಯ ಶಿಕ್ಷಕರನ್ನೇ ತಂತ್ರಜ್ಞಾನದಲ್ಲಿ ಪಳಗಿಸಿತು, ಮುಕ್ತ ತಂತ್ರಾಂಶವನ್ನೇ ಬಳಸಿತು. 2018ರಲ್ಲಿ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳನ್ನು ಕಟ್ಟಿತು. ಲಕ್ಷಕ್ಕೂ ಹೆಚ್ಚು ಮಕ್ಕಳು ಸೇರಿದರು. 2022ರ ಮೇ ತಿಂಗಳಲ್ಲಿ ಈ ಮಕ್ಕಳೂ ಅವರ ಶಿಕ್ಷಕರೂ ಸೇರಿ ಸುಮಾರು 2,000 ಪ್ರೌಢಶಾಲೆಗಳಲ್ಲಿ ಮೂರು ಲಕ್ಷ ತಾಯಂದಿರಿಗೆ ಸೈಬರ್ ಸುರಕ್ಷತೆ ಕಲಿಸುವ ಕೆಲಸ ಕೈಗೆತ್ತಿಕೊಂಡರು. ತಂಡಕ್ಕೆ 30 ತಾಯಂದಿರು, ಅರ್ಧ ಅರ್ಧ ಗಂಟೆಯ ಪಾಠ: ಪಾಸ್‌ವರ್ಡ್ ಹೇಗಿರಬೇಕು, ಓಟಿಪಿಯನ್ನು ಏಕೆ ಯಾರಿಗೂ ಹೇಳಬಾರದು, ಸುಳ್ಳು ಸುದ್ದಿ ಪತ್ತೆ ಹಚ್ಚುವುದು ಹೇಗೆ. 2025ರ ಆಗಸ್ಟ್ 21ರಂದು ಕೇರಳ ತನ್ನನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಿಸಿಕೊಂಡಿತು. ಮನೆಮನೆ ಸಮೀಕ್ಷೆಯಲ್ಲಿ ಸಿಕ್ಕ ಸುಮಾರು 21.8 ಲಕ್ಷ ಜನರಿಗೆ ಸ್ವಯಂಸೇವಕರು ಮೂರು ಪಾಠಗಳಲ್ಲಿ ಕಲಿಸಿದ್ದರು. ಅದಕ್ಕೆ ಮಾದರಿಯಾದ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿ ಕೆಲಸದ ಸ್ಥಳಕ್ಕೇ ಹೋಗಿ ಪಾಠ ಮಾಡಿದ್ದರು. ಮೂರು ಪಾಠ ಕಲಿತವರನ್ನೆಲ್ಲ ಸಾಕ್ಷರರೆನ್ನುವುದು ತೀರಾ ಉದಾರವಾಯಿತು ಎಂದು ನನಗನ್ನಿಸುತ್ತದೆ. ಆದರೂ ಕಲಿಯದವರು ಯಾವ ಮನೆಯಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋದ ಆ ಕ್ರಮ ನಮಗೂ ಬೇಕು.

ಇದರಲ್ಲಿ ಕನ್ನಡಿಗರಿಗೆ ನೇರ ಸಂಬಂಧಪಟ್ಟ ಸಂಗತಿಯೊಂದಿದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಕೇರಳ ಸರ್ಕಾರ ಕಂಪ್ಯೂಟರ್ ಪಠ್ಯಪುಸ್ತಕಗಳನ್ನು ಕನ್ನಡದಲ್ಲೇ ಅಚ್ಚು ಹಾಕುತ್ತದೆ. ಅಂದರೆ ಕನ್ನಡದಲ್ಲಿ ಕಲಿಸುವುದಕ್ಕೆ ಬೇಕಾದ ಸಾಮಗ್ರಿಯನ್ನು ನಾವು ಶೂನ್ಯದಿಂದ ಶುರುಮಾಡಬೇಕಾಗಿಲ್ಲ.

ಕರ್ನಾಟಕದಲ್ಲಿ ಏನಾಯಿತು? 2001ರಲ್ಲಿ ಎರಡು ಸಂಗತಿ ಹೆಚ್ಚುಕಡಿಮೆ ಒಟ್ಟಿಗೇ ನಡೆದವು. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಸದಸ್ಯರಾಗಿರುವ ಎಸ್‌ಡಿಎಂಸಿಗಳು ಹುಟ್ಟಿದವು. ಮಾಹಿತಿ ಸಿಂಧು ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಪೋಷಕರ ಸಮಿತಿಯೂ ಬಂತು, ಕಂಪ್ಯೂಟರೂ ಬಂತು. ಇವೆರಡನ್ನು ಒಂದಕ್ಕೊಂದು ಸೇರಿಸಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ. ಲ್ಯಾಬ್ ನಡೆಸುವುದನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿದ್ದರಿಂದ ಶಾಲೆಯ ಶಿಕ್ಷಕರಿಗೇ ಅದು ತಮ್ಮದೆನಿಸಲಿಲ್ಲ. ಗುತ್ತಿಗೆ ಮುಗಿದಂತೆ ಕಲಿಸುವವರು ಹೊರಟರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೇರಳದ ಕ್ರಮವನ್ನೂ ಮಾಹಿತಿ ಸಿಂಧುವನ್ನೂ ಹೋಲಿಸಿ ಅಧ್ಯಯನ ಮಾಡಿ, ಶಿಕ್ಷಕರನ್ನೇ ಬೆಳೆಸಿದ ಕೇರಳದ ದಾರಿ ಉಳಿಯಿತು, ಹೊರಗುತ್ತಿಗೆಯ ದಾರಿ ಉಳಿಯಲಿಲ್ಲ ಎಂದು ತೋರಿಸಿತು. ನಂತರ ಬಂದ ಟಾಲ್ಪ್ ಕಾರ್ಯಕ್ರಮ ನಮ್ಮ ಶಿಕ್ಷಕರಿಗೂ ತರಬೇತಿ ಕೊಟ್ಟು ಈ ಕೊರತೆಯನ್ನು ಸ್ವಲ್ಪ ತುಂಬಿದೆ.

2023–24ರಲ್ಲಿ ದೇಶದ ಶಾಲೆಗಳಲ್ಲಿ ಶೇ 57ರಷ್ಟರಲ್ಲಿ ಕಂಪ್ಯೂಟರ್ ಇತ್ತು ಎಂದು ಆ ವರ್ಷದ ಯು-ಡೈಸ್ ವರದಿ ಹೇಳಿತು. ಇರುವ ಲ್ಯಾಬ್‌ಗಳ ಪಾಡು ಎಲ್ಲರಿಗೂ ಗೊತ್ತು. ಕಬ್ಬಿಣದ ಬಾಗಿಲು, ಎರಡು ಬೀಗ, ಬೀಗದ ಕೈ ಹೆಡ್‌ಮಾಸ್ಟರ ಬೀರುವಿನಲ್ಲಿ. ಕಳುವಾದರೆ ತಮ್ಮ ತಲೆಗೆ ಬರುತ್ತದೆಂಬ ಅವರ ಭಯ ಸುಳ್ಳಲ್ಲ. ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ. ಮೌಸ್ ಬದಲಿಸಲು ಹಣ ಯಾವ ಲೆಕ್ಕದಿಂದ ತೆಗೆಯಬೇಕೋ ತಿಳಿಯದು. ಸಂಜೆ ನಾಲ್ಕೂವರೆ ಆದ ಮೇಲೆ, ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ, ಬೇಸಿಗೆ ರಜೆ ಪೂರ್ತಿ ಈ ಯಂತ್ರಗಳು ಸುಮ್ಮನಿರುತ್ತವೆ. ಅದೇ ಊರಿನ ತಾಯಿ ಅದೇ ಶನಿವಾರ ಸೈಬರ್ ಅಂಗಡಿಯಲ್ಲಿ ಪಾಳಿ ನಿಂತಿರುತ್ತಾಳೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಗ್ಗೆ ಇಲ್ಲಿ ಒಳ್ಳೆಯ ಮಾತು ಹೇಳಲೇಬೇಕು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಅರಿವು ಕೇಂದ್ರಗಳಾದ ಮೇಲೆ ಹಲವೆಡೆ ಜೀವ ಬಂದಿದೆ. ಗ್ರಾಮ ಡಿಜಿ ವಿಕಸನ ಕಾರ್ಯಕ್ರಮದಲ್ಲಿ ಟಿ.ವಿ., ಮೊಬೈಲ್, ಕಂಪ್ಯೂಟರುಗಳೂ ಬಂದಿವೆ. ಅಲ್ಲಿಗೆ ಮಕ್ಕಳು, ಯುವಕರು ಧಾರಾಳವಾಗಿ ಬರುತ್ತಾರೆ. ಮೂವತ್ತೈದು ದಾಟಿದ ಹೆಂಗಸರು ಬರುವಂತಾಗಲು ಶಾಲೆಯೂ ಗ್ರಂಥಾಲಯವೂ ಕೈಜೋಡಿಸಬೇಕು: ಪಾಠ ಶಾಲೆಯಲ್ಲಿ, ಅಭ್ಯಾಸ ಗ್ರಂಥಾಲಯದಲ್ಲಿ. ಮನೆಗೊಂದು ಯಂತ್ರ ಕೊಡುವ ಶಕ್ತಿ ನಮಗಿಲ್ಲದಿರಬಹುದು, ಊರಿಗೊಂದು ಯಂತ್ರದ ಮುಂದೆ ಕೂರುವ ಅವಕಾಶ ಕೊಡುವ ಶಕ್ತಿ ಖಂಡಿತ ಇದೆ.

ಏನನ್ನು ಕಲಿಸಬೇಕು ಎನ್ನುವಲ್ಲಿ ನನ್ನ ಅಭಿಪ್ರಾಯ ಗಟ್ಟಿ. ‘ಕಂಪ್ಯೂಟರಿನ ಭಾಗಗಳು, ಅದರ ಪೀಳಿಗೆಗಳು’ ಎಂದು ಶುರುಮಾಡಿದರೆ ಮುಂದಿನ ವಾರ ಅರ್ಧ ಜನ ಬರುವುದಿಲ್ಲ. ಮೊದಲ ದಿನವೇ ಕೀಲಿಮಣೆ ಕೈಗೆ ಕೊಟ್ಟು ಕನ್ನಡ ಬರೆಸಬೇಕು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ, ನುಡಿ ತಂತ್ರಾಂಶದಲ್ಲೂ ಇರುವುದು ಅದೇ, ಒತ್ತಕ್ಷರಕ್ಕೆ ಎಫ್ ಕೀಲಿ ಒಂದನ್ನು ನೆನಪಿಟ್ಟುಕೊಂಡರೆ ಸಾಕು. ಎ, ಎಂ, ಎಫ್, ಎಂ: ನಾಲ್ಕು ಸಲ ಒತ್ತಿದರೆ ಪರದೆಯ ಮೇಲೆ ‘ಅಮ್ಮ’ ಮೂಡುತ್ತದೆ. ಅಕ್ಷರ ಬಲ್ಲ ಯಾವ ತಾಯಿಗೂ ಇದು ಹತ್ತು ನಿಮಿಷದ ಪಾಠ. ಅಲ್ಲಿಂದ ಮಗುವಿನ ಹೆಸರು, ಅಲ್ಲಿಂದ ಊರಿನ ವಿಳಾಸ, ಅಲ್ಲಿಂದ ಮುಖ್ಯ ಶಿಕ್ಷಕರಿಗೆ ಒಂದು ರಜಾ ಅರ್ಜಿ. ನಾಲ್ಕನೆಯ ವಾರದ ಹೊತ್ತಿಗೆ ಎಸ್‌ಎಸ್‌ಪಿಯಲ್ಲಿ ತನ್ನ ಮಗಳ ಅರ್ಜಿ ಯಾವ ಹಂತದಲ್ಲಿದೆ ಎಂದು ಆಕೆಯೇ ನೋಡಬಲ್ಲಳು.

ಫೋನು ಇರುವಾಗ ಕಂಪ್ಯೂಟರ್ ಏಕೆ ಎಂದು ಕೇಳುವವರಿದ್ದಾರೆ. ಫೋನು ಬಿಡಬೇಕಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂದಿದೆಯೇ ಎಂದು ನೋಡುವುದು, ಯುಪಿಐ ಪಿನ್ ಒತ್ತುವುದೆಂದರೆ ಹಣ ಹೋಗುವುದೇ ಹೊರತು ಬರುವುದಲ್ಲ ಎಂದು ತಿಳಿಯುವುದು, ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡುವುದು, ಇವೆಲ್ಲ ಫೋನಿನಲ್ಲೇ ಕಲಿಯಬೇಕಾದವು. ಆದರೆ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಅಂಕಣಗಳಲ್ಲಿ ಕೂಡಿಸುವುದು, ಒಂದು ಅರ್ಜಿಯನ್ನು ಸರಿಯಾಗಿ ಬರೆದು ಮುದ್ರಿಸುವುದು, ಮುಂದೆ ಅಂಗನವಾಡಿಯಲ್ಲೋ ಒಕ್ಕೂಟದಲ್ಲೋ ಕೆಲಸ ಹಿಡಿಯುವುದು ಎಂದರೆ ದೊಡ್ಡ ಪರದೆ, ಕೀಲಿಮಣೆ ಬೇಕು.

ಮಕ್ಕಳು ಕಲಿಸಿದರಾಗದೇ? ಆಗುತ್ತದೆ, ಆದರೆ ಮನೆಯಲ್ಲಿ ಅಲ್ಲ. ಮನೆಯಲ್ಲಿ ಮಗ ‘ಕೊಡಮ್ಮ ಇಲ್ಲಿ, ನಿಂಗೆ ಬರಲ್ಲ’ ಎಂದು ಕಸಿದುಕೊಂಡು ತಾನೇ ಮಾಡಿಬಿಡುತ್ತಾನೆ. ಶಾಲೆಯಲ್ಲಿ, ಶಿಕ್ಷಕರ ಎದುರಿಗೆ, ಬೇರೆಯವರ ತಾಯಿಗೆ ಕಲಿಸುವಾಗ ಅದೇ ಹುಡುಗ ‘ನೀವೇ ಒತ್ತಿ ಆಂಟಿ’ ಎಂದು ಕಾಯುತ್ತಾನೆ. 14ರಿಂದ 16ರ ಹಳ್ಳಿ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದು 2024ರ ಅಸರ್ ಸಮೀಕ್ಷೆ ಹೇಳಿದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ತಾಯಿತಂದೆ ಆ ಪರದೆಯಲ್ಲಿ ಏನಿದೆ ಎಂದು ಓದಬಲ್ಲವರಾದರೆ ಈ ಮಕ್ಕಳಿಗೇ ಅದರಿಂದ ಹೆಚ್ಚು ರಕ್ಷಣೆ.

ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹೇರುವ ಮಾತು ಮಾತ್ರ ಬೇಡ. ಬಿಸಿಯೂಟ, ಮೊಟ್ಟೆಯ ಲೆಕ್ಕ, ಚುನಾವಣೆ, 2025ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಆ್ಯಪ್ ಹಿಡಿದು ಮನೆಮನೆ ಸುತ್ತಿದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ, ಇಷ್ಟನ್ನೂ ಅವರೇ ಮಾಡುತ್ತಿದ್ದಾರೆ. ಊರಿನಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಒಬ್ಬರಿಗೆ ಪಂಚಾಯಿತಿ ಗೌರವಧನ ಕೊಟ್ಟು ಈ ತರಗತಿ ನಡೆಸಲಿ. 2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ ವಯಸ್ಕರ ಕಲಿಕೆಗೆ ಶಾಲೆಯನ್ನೇ ಘಟಕವಾಗಿ ಇಟ್ಟುಕೊಂಡಿದೆ, ಡಿಜಿಟಲ್ ಸಾಕ್ಷರತೆಯನ್ನು ಅದರ ಭಾಗವೆಂದೇ ಹೇಳಿದೆ. ಹಾಗಾಗಿ ನಿಯಮ ಅಡ್ಡ ಬರುತ್ತದೆ ಎನ್ನುವಂತಿಲ್ಲ.

ಎಸ್‌ಡಿಎಂಸಿಯ ಸದಸ್ಯರಲ್ಲಿ, ಅದರಲ್ಲೂ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಈ ವಿಷಯ ಸೇರಿಸಿ: ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ, ಹತ್ತು ವಾರ, ಕಂಪ್ಯೂಟರ್ ಕೋಣೆ ಪೋಷಕರಿಗೆ ತೆರೆದಿರತಕ್ಕದ್ದು; ಬೀಗದ ಕೈಗೆ, ಯಂತ್ರಗಳಿಗೆ ಸಮಿತಿಯೇ ಜವಾಬ್ದಾರಿ. ಒಟ್ಟು 20 ಗಂಟೆ. ಠರಾವಿನ ಒಂದು ಪ್ರತಿಯನ್ನು ಬಿಇಒ ಕಚೇರಿಗೂ ಒಂದನ್ನು ಪಂಚಾಯಿತಿಗೂ ಕಳಿಸಿ. ಮೊದಲ ತಂಡದಲ್ಲಿ ಐದೇ ಜನ ಬಂದರೂ ಶುರುಮಾಡಿ.